ನಾದಿನಿ ಬಿಟ್ಟುಕೊಡದ ಕೊಂಬೆ

ಪೆಟ್ರೋಲಿನ ವಾಸನೆ, ಬೆಳಗಿನ ಹೊತ್ತಿಗೇ, ಗೇಟಿನ ಹತ್ತಿರ ಗರಗಸದ ಯಂತ್ರಕ್ಕೆ ಎಣ್ಣೆ ತುಂಬುತ್ತಿದ್ದಾನೆ ಮರ ಕಡಿಯುವವನು, ಅಮ್ಮಾ, ಯಜಮಾನರು ಹೂಂ ಅಂದಾಯ್ತು, ನೀವೂ ಒಂದು ಮಾತು ಹೇಳಿಬಿಡಿ, ಮನೆಯವರಿಬ್ಬರೂ ಒಪ್ಪದೆ ನಾವು ಕೈ ಹಾಕೋ ಹಾಗಿಲ್ಲ — ಅವಳು ಒದ್ದೆ ಕೈಯನ್ನು ಟವಲಿಗೆ ಒರೆಸಿಕೊಳ್ಳುತ್ತಲೇ ನಿಂತಳು, ಹಳೇ ನೇರಳೆ ಮರ ತನ್ನ ಪಾಡಿಗೆ ನೆರಳು ಚೆಲ್ಲಿಕೊಂಡಿದೆ, ನಾದಿನಿ ಉಳಿಸಿದ ಮರ, ನಾದಿನಿಯನ್ನು ಕೊಂದ ಮರ, ಎರಡೂ ಒಂದೇ ಮರ. ರಸ್ತೆ ಅಗಲ ಮಾಡಲು ಬಂದವರ ಎದುರು ನಾದಿನಿ ಬುಡಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದಳು, ಏನಮ್ಮಾ, ಮರಾನೇ ಮದುವೆ ಆಗ್ತೀಯಾ ಅಂತ ಎದುರುಮನೆ ಟೈಲರ್ ಛೇಡಿಸಿದ್ದಕ್ಕೆ, ಆಗ್ತೀನಿ, ಇದು ನಿನ್ನ ಹಾಗೆ ಅಳತೆ ತಪ್ಪೋದಿಲ್ಲ, ಬೀದಿಯೆಲ್ಲ ನಗು, ಟೈಲರೇ ಬಿದ್ದು ಬಿದ್ದು ನಕ್ಕು ಪಕ್ಕದಲ್ಲಿ ಬಂದು ಕೂತ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ, ಕೊನೆಗೆ ರಸ್ತೆಯೇ ಮರವನ್ನು ಬಳಸಿಕೊಂಡು ಹೋಯಿತು. ಅದಾದ ಮೇಲೆ ಮರ ಪರೀಕ್ಷೆ ಮಾಡುವವರು ಬಂದರು, ತಟ್ಟಿ ತಟ್ಟಿ ನೋಡಿದರು, ಮರ ಗಟ್ಟಿಯಾಗಿದೆ, ಈ ಒಂದು ಕೊಂಬೆ ಮಾತ್ರ ಒಳಗೆಲ್ಲ ಟೊಳ್ಳು, ತೆಗೆಸಿಬಿಡಿ. ನಾದಿನಿ ಕೇಳಬೇಕಲ್ಲ. ಪಕ್ಕದ ಬೀದಿಯ ಹುಣಸೆಗೂ ಹೀಗೇ ಒಂದು ಕೊಂಬೆ ಅಂತ ಶುರು ಮಾಡಿ ಬೋಳು ಕಂಬ ಮಾಡಿ ನಿಲ್ಲಿಸಿದ್ರು ಅತ್ತಿಗೆ, ಇವತ್ತು ಕೊಂಬೆ ಕೊಟ್ಟರೆ ನಾಳೆ ಬುಡ ಕೇಳ್ತಾರೆ, ಒಂದು ಕಡ್ಡೀನೂ ಕೊಡಲ್ಲ ನಾನು. ಅವಳಿಗೂ ಹೌದಲ್ಲ ಅನ್ನಿಸಿತ್ತು, ಹಾಗೆ ಮೋಸ ಹೋದವರು ಯಾರನ್ನು ಅಂತ ನಂಬಬೇಕಿತ್ತು. ಗಾಳಿಯೇ ಇರಲಿಲ್ಲ ಆ ಮಧ್ಯಾಹ್ನ, ಒಂದೆಲೆ ಅಲುಗುತ್ತಿರಲಿಲ್ಲ, ಅವಳು ಒಳಗೆ ತರಕಾರಿ ಹೆಚ್ಚುತ್ತಿದ್ದಾಳೆ, ನಾದಿನಿ ಮರದಡಿ ಕುರ್ಚಿ ಹಾಕಿಕೊಂಡು ಕೂಗುತ್ತಾಳೆ, ಅತ್ತಿಗೆ, ಟೀ ಆಯ್ತಾ, ಬಂದೆ ಇರೇ ಮಹಾರಾಣಿ, ಆಮೇಲೆ ಆ ಸದ್ದು, ಆಮೇಲೆ ಓಡಿದ್ದು, ಎಲೆ ಸರಿಸಿದ್ದು — ಬೇಡ, ಅದು ಬೇಡ. ಅದೇ ಬೀದಿಯವರು ಈಗ ತಲೆ ತಗ್ಗಿಸಿಕೊಂಡು ಬಂದು, ಕಡಿಸಿಬಿಡೋಣ, ನಿಮಗೋಸ್ಕರ ತಾಯಿ, ದಿನಾ ಅದರ ಮುಖ ನೋಡ್ಕೊಂಡು ಹೇಗೆ ಬದುಕ್ತೀರಿ, ಟೈಲರಂತೂ ಅವಳನ್ನು ಕಣ್ಣೆತ್ತಿ ನೋಡುವುದಿಲ್ಲ, ಗಂಡ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಾನೆ, ಉಣ್ಣಲು ಕೂತರೆ ತುತ್ತು ಕೈಯಲ್ಲೇ ಒಣಗುತ್ತದೆ, ಎತ್ತಿ ಆಡಿಸಿದ ತಂಗಿ, ಅವನು ಹೂಂ ಅಂದದ್ದರಲ್ಲಿ ತಪ್ಪೇನಿದೆ, ಅವಳಿಗೂ ಅನ್ನಿಸುತ್ತದೆ ಉರುಳಲಿ ಹಾಳಾದದ್ದು, ಆದರೆ ಅದೂ ಉರುಳಿಬಿಟ್ಟರೆ ಆ ಹುಡುಗಿ ಬಿಸಿಲಲ್ಲಿ ಕೂತದ್ದು ಯಾತಕ್ಕೆ, ಕಂಡಕಂಡವರ ಹತ್ತಿರ ಅನ್ನಿಸಿಕೊಂಡದ್ದು ಯಾತಕ್ಕೆ — ಬೇಡ, ಅಂದಳು, ಗಟ್ಟಿಯಾಗೇ ಅಂದುಬಿಟ್ಟಳು, ಕಡೀಬೇಡಿ. ಗರಗಸ ನೆಲಕ್ಕಿಟ್ಟ ಸದ್ದು. ಜಗಲಿಯಲ್ಲಿ ಮರಕ್ಕೆ ಬೆನ್ನು ಮಾಡಿ ನಿಂತಿದ್ದ ಗಂಡ ತಿರುಗಿದ, ನನ್ನ ತಂಗಿಗಿಂತ ನಿನಗೆ ಅದು ಹೆಚ್ಚಾಯ್ತಾ, ಅಂದದ್ದು ಅಷ್ಟೇ, ಹಿತ್ತಲ ಕಡೆ ಹೊರಟೇಬಿಟ್ಟ, ಯಾವಾಗ ಮುದುಕನ ಬೆನ್ನಾಯಿತು ಅದು, ಕರೆಯಬೇಕು, ರೀ, ನಿಮ್ಮ ತಂಗಿ ಬಿಟ್ಟುಹೋಗಿರೋದು ಇದೊಂದೇ ಕಣ್ರೀ ಅನ್ನಬೇಕು, ಬಾಯಿ ತೆರೆದರೆ ಕಣ್ಣ ಮುಂದೆ ಬರೀ ಆ ಕೈ, ಎಲೆ ಸರಿಸಿದಾಗ ಕಂಡ ಕೈ, ಮುರಿದ ಕೊಂಬೆಯ ಟೊಳ್ಳಿನಿಂದ ಇರುವೆಗಳು ಬಿಳೀ ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಹೊರಟು, ಬೆರಳು ಹತ್ತಿ, ಮಣಿಕಟ್ಟು ದಾಟಿ, ಮೊಣಕೈವರೆಗೆ, ಒಂದು ಇರುವೆ ಹತ್ತಿದರೂ ಮನೆ ತುಂಬ ಕುಣಿದಾಡುತ್ತಿದ್ದವಳು, ಕೈ ಕೊಡವಲಿಲ್ಲ, ಕೊಡವಲೇ ಇಲ್ಲ