ಕಾಲರ್ ಬಿಚ್ಚಿದಾಗ ಕಂಡದ್ದು

ನಮ್ಮ ಯಜಮಾನರಿಗೆ ನಾಲಿಗೆಯ ಕ್ಯಾನ್ಸರ್. ಆಪರೇಷನ್ ಆಗಿ, ಗಂಟುಗಳನ್ನು ತೆಗೆದ ಕುತ್ತಿಗೆಯ ಗಾಯವೂ ಒಣಗಿತ್ತು. ಕತ್ತರಿ ಹಿಡಿಯದೆ ಇರಲಾರದ ಟೈಲರ್ ಅವರು. ಮತ್ತೆ ಅಂಗಡಿಗೆ ಬಂದು ಕೂತರು. ಮಾತು ಇನ್ನೂ ತೊದಲುತ್ತಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದು ತೋರಿಸುತ್ತಿದ್ದರು. ಅಂತೂ ಗಂಡಾಂತರ ಕಳೆಯಿತು ಎಂದುಕೊಂಡಿದ್ದೆ.

ಅಷ್ಟರಲ್ಲಿ ನಮ್ಮ ಕೆಳಗಿನ ಮನೆಯ ನರ್ಸ್ ಅಂಗಡಿಗೆ ಬಂದಳು. ಆಪರೇಷನ್ ಆದ ಆಸ್ಪತ್ರೆಯಲ್ಲೇ ಅವಳ ಕೆಲಸ.

"ಅಕ್ಕಾ, ನಾಳೆ ಅಣ್ಣನ್ನ ಕರ್ಕೊಂಡು ಬರ್ಬೇಕಂತೆ. ಕುತ್ತಿಗೆಯಿಂದ ತೆಗೆದ ಗಂಟುಗಳ ರಿಪೋರ್ಟ್ ಬಂದಿದೆ. ಯಾರೂ ಅಂದ್ಕೊಳ್ಳದೇ ಇದ್ದದ್ದು ಏನೋ ಕಂಡಿದೆಯಂತೆ."

ನಾನು ಅವಳ ತೋಳು ಹಿಡಿದೆ. "ಕ್ಯಾನ್ಸರ್ ಹರಡಿದೆಯೇನೇ?"

"ಗೊತ್ತಿಲ್ದೇ ನಾನು ಹೇಳಲ್ಲ ಅಕ್ಕಾ. ನಾಲಿಗೆ ಕ್ಯಾನ್ಸರ್ ಕುತ್ತಿಗೆ ಗಂಟಿಗೆ ಹೋಗಬಹುದು ಅಂತ ಅವನ್ನ ತೆಗೆದು ಪರೀಕ್ಷೆ ಮಾಡ್ತಾರೆ. ಆಗ ಅಪರೂಪಕ್ಕೆ ಬೇರೆ ರೋಗವೂ ಸಿಗುತ್ತೆ. ಕ್ಷಯ ಇರ್ಬಹುದು, ಇನ್ನೊಂದು ಕ್ಯಾನ್ಸರ್ ಇರ್ಬಹುದು. ಗೊತ್ತಾದ್ರೆ ತಾನೆ ಔಷಧಿ ಕೊಡೋದು?"

ಯಜಮಾನರು ಸೀಮೆಸುಣ್ಣ ಎತ್ತಿಕೊಂಡರು. 'ತೋರಿಸಿದ್ದು ನಾಲಿಗೆ. ಈಗ ಕುತ್ತಿಗೆಯಲ್ಲಿ ಹೊಸ ರೋಗ ಹುಟ್ಟಿಸಿದ್ದಾರೆ. ನಾನು ಬರಲ್ಲ.'

ಈ ಮನುಷ್ಯನ ಮೊಂಡುತನಕ್ಕೆ ಏನೆನ್ನಲಿ?

ಆ ಹೊತ್ತಿಗೆ ಗಿರಾಕಿಯೊಬ್ಬ ಕೋಟು ಕೇಳಿಕೊಂಡು ಬಂದ. "ಕಾಲರ್ ಬದಲಾಯಿಸಿ ಅಂದ್ರೆ ಒಳಗೆಲ್ಲ ಬಿಚ್ಚಿಟ್ಟಿದ್ದೀರಲ್ಲ ಮಾಸ್ಟ್ರೇ" ಎಂದು ರೇಗಿದ.

ಯಜಮಾನರು ಕಾಲರಿನ ಕೆಳಗೆ ಹುಳು ತಿಂದಿದ್ದ ಲೈನಿಂಗ್ ತೋರಿಸಿ ಬರೆದರು: 'ಬಿಚ್ಚಿದ ಮೇಲೆ ಕಂಡಿತು. ಮುಚ್ಚಿ ಹೊಲಿದರೆ ನಿಮಗೇ ನಷ್ಟ.'

ಗಿರಾಕಿ ಮುಟ್ಟಿ ನೋಡಿ, ಅದನ್ನೂ ಸರಿ ಮಾಡಿ ಎಂದು ಹೇಳಿ ಹೋದ. ನಾನು ಆ ಸಾಲಿನ ಮೇಲೆ ಬೆರಳಿಟ್ಟೆ. "ರೀ, ಡಾಕ್ಟ್ರು ಹೇಳ್ತಿರೋದೂ ಇದನ್ನೇ ಅಲ್ವಾ?"

ಅವರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ತೊದಲುತ್ತಲೇ ಬಾಯಿಬಿಟ್ಟರು. "ಭಯ ಆಗ್ತಿದೆ ಕಣೇ."

"ನಂಗೂ ಆಗ್ತಿದೆ. ಇಬ್ರೂ ಹೋಗೋಣ."

ಮರುದಿನ ಡಾಕ್ಟರು ನಮ್ಮನ್ನು ಎದುರು ಕೂರಿಸಿಕೊಂಡು ರಿಪೋರ್ಟ್ ಓದಿ ಹೇಳಿದರು. ಗಂಟುಗಳಿಗೆ ಕ್ಯಾನ್ಸರ್ ಹರಡಿರಲಿಲ್ಲ. ಆದರೆ ಒಂದರಲ್ಲಿ ಕ್ಷಯದ ಗುರುತಿತ್ತು. ಕೆಮ್ಮಿಲ್ಲ, ಜ್ವರವಿಲ್ಲ, ನಮಗೆ ಹೇಗೆ ತಿಳಿಯಬೇಕು? ಇನ್ನಷ್ಟು ಪರೀಕ್ಷೆ ಮಾಡಿ ಖಚಿತವಾದ ಮೇಲೆ ಮಾತ್ರೆ ಶುರು ಮಾಡಿದರು. ಒಂದೇ ಮನೆಯಲ್ಲಿರುವವಳೆಂದು ನನ್ನನ್ನೂ ಪರೀಕ್ಷಿಸಿದರು; ನನಗೇನೂ ಇರಲಿಲ್ಲ. ಮಾತ್ರೆಯನ್ನು ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ಈಗಲೂ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಭಯವಾಗುತ್ತದೆ. ಆದರೂ ಹತ್ತುತ್ತೇವೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಇಂಥ ಆಪರೇಷನ್ ಆಗಿದ್ದರೆ, ಗಾಯ ಒಣಗಿತೆಂದು ಸುಮ್ಮನಾಗಬೇಡಿ. ತೆಗೆದ ಗಂಟುಗಳ ರಿಪೋರ್ಟಿನಲ್ಲಿ ಏನಿದೆ ಎಂದು ಡಾಕ್ಟರನ್ನು ನೀವೇ ಕೇಳಿ. ಭಯವಾದರೆ ಮನೆಯವರ ಕೈ ಹಿಡಿದುಕೊಂಡು ಹೋಗಿ. ಹೋಗುವುದನ್ನು ಮಾತ್ರ ಬಿಡಬೇಡಿ.