ಬೀರಪ್ಪನಿಗೆ ಬೂಟು

ನನ್ನ ಮಾವ ಶಿವರಾಯರು ಒಮ್ಮೆ ಒಂದು ಮಾತು ಆಡಿದರೆ ಮುಗಿಯಿತು. ಅದನ್ನು ಹಿಂದಕ್ಕೆ ತೆಗೆಸುವುದು ದೇವರಿಗೂ ಆಗುತ್ತಿರಲಿಲ್ಲ. ಆ ವರ್ಷ ಯುಗಾದಿ ಮುಗಿದ ಮೇಲೆ ಒಂದು ದಿನ ಉಣ್ಣುತ್ತ ಕೂತವರು ಹೇಳಿಬಿಟ್ಟರು:

"ಬೀರಪ್ಪಗ ಬೂಟು ಜಹೀರಾಬಾದದಾಗೇ ತರೋದು. ಬರೋ ಸಂತಿಗೇ ತರೋದು. ಯಂಕಪ್ಪಗ ತಂದೆನಲ್ಲ, ಅದೇ ಅಂಗಡ್ಯಾಗ."

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಎದುರಿಗೇ ಕೂತಿದ್ದ ನನ್ನ ಗಂಡ ಯಂಕಪ್ಪ ಬಟ್ಟೆ ಸುತ್ತಿದ್ದ ತನ್ನ ಎಡಗಾಲನ್ನು ಮೆಲ್ಲಗೆ ಧೋತರದ ಕೆಳಗೆ ಎಳೆದುಕೊಂಡ, ಅಷ್ಟೆ. ನನಗೆ ಬಂದ ಸಿಟ್ಟಿಗೆ ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

ನಮ್ಮೂರು ಬೊಮ್ರಾಸಪೇಟೆಯ ಹತ್ತಿರ. ನಾವು ಕುರಿ ಸಾಕುವವರು, ಜೊತೆಗೊಂದಿಷ್ಟು ತೊಗರಿಯ ಹೊಲವೂ ಇದೆ. ತಾಂಡೂರಿನ ಕಡೆ ಕಲ್ಲಿನ ಗಣಿಗಳು ಹಬ್ಬುತ್ತ ಹೋದ ಹಾಗೆ ನಾವು ಬೇಸಗೆಯಲ್ಲಿ ಕುರಿ ಬಿಡುತ್ತಿದ್ದ ಬೀಳುಗಳು ಒಂದೊಂದೇ ಕಾಣೆಯಾದವು. ಅಣ್ಣತಮ್ಮ ಇಬ್ಬರೂ ಒಂದೇ ಹಿಂಡನ್ನು ನಂಬಿ ಕೂರುವ ಹಾಗಿರಲಿಲ್ಲ. ಹಾಗಾಗಿಯೇ ಎರಡು ವರ್ಷದ ಹಿಂದೆ ನನ್ನ ಗಂಡ ಮೇಸ್ತ್ರಿ ಪಾಂಡಪ್ಪನ ಗುಂಪು ಸೇರಿ ಹಿಮಾಚಲದ ಗುಡ್ಡಗಳಿಗೆ ರಸ್ತೆ ಕೆಲಸಕ್ಕೆ ಹೋಗಿದ್ದ. ಈಗ ಮೈದುನ ಬೀರಪ್ಪನ ಸರದಿ. ಅವನಿಗೆ ಆಗಲೇ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಲ್ಲಿ ಬೀಳುವ ಹಿಮ, ಅದೇ ಬರಫು, ಹಿಟ್ಟಿನ ಹಾಗೆ ಇರುತ್ತದೋ ಉಪ್ಪಿನ ಹಾಗೋ ಎಂದು ಕಂಡಕಂಡವರನ್ನು ಕೇಳುತ್ತಿದ್ದ.

ನಮ್ಮ ಮನೆಯಲ್ಲೊಂದು ರೂಢಿ ಇದೆ. ದೂರ ಹೊರಟ ಮಗನಿಗೆ ಕಾಲಿಗೆ ಹಾಕುವುದನ್ನು ಅಪ್ಪ ತರಬೇಕು, ಮೈಗೆ ಹೊದೆಯುವುದನ್ನು ಅವ್ವ ಕೊಡಬೇಕು. ಯಂಕಪ್ಪ ಹೋಗುವಾಗಲೂ ಹಾಗೇ ನಡೆದಿತ್ತು. ಜಹೀರಾಬಾದಿನಲ್ಲಿ, ಬೊಂಬಾಯಿ ರಸ್ತೆಯ ಮಗ್ಗುಲಿಗೆ, ಬಾಂಗ್ಲಾ ಯುದ್ಧ ಮುಗಿದ ಮೇಲೆ ಒಬ್ಬ ಮಿಲಿಟರಿಯ ಹಳೇ ಕೋಟು, ಬೂಟು ಗುಡ್ಡೆ ಹಾಕಿ ಮಾರುತ್ತಿದ್ದ. ಉಣ್ಣೆ ಮಾರಲು ಹೋದಾಗ ಮಾವ ಅದನ್ನು ನೋಡಿ ಬಂದಿದ್ದರು. ಕುರಿ ಬಿಟ್ಟು ಯಂಕಪ್ಪ ಅಲ್ಲಿಗೆ ಹೋಗುವಂತಿರಲಿಲ್ಲ. ಅದಕ್ಕೇನಂತೆ, ನಮ್ಮ ಕಡೆ ಚಪ್ಪಲಿ ತರಲು ಕಾಲು ಹೋಗಬೇಕಾಗಿಲ್ಲ, ಕಾಲಿನ ಅಳತೆ ಹೋದರೆ ಸಾಕು. ಮಾವ ಕಸಬರಿಗೆಯಿಂದ ಒಂದು ಕಡ್ಡಿ ಎಳೆದು, ಮಗನ ಬರಿಗಾಲಿನ ಪಕ್ಕ ಇಟ್ಟು, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದುಕೊಂಡು ರುಮಾಲಿನಲ್ಲಿ ಸಿಕ್ಕಿಸಿಕೊಂಡು ಹೋದರು.

ತಂದ ಬೂಟು ಹಾಕಿಕೊಂಡು ಯಂಕಪ್ಪ ಚೊಲೊ ಕೂತದ ಅಂದ, ನೋಡಿದವರಿಗೂ ಹೇಳಿ ಮಾಡಿಸಿದ ಹಾಗೆ ಕಂಡಿತು. ಮಾವ ಮಗನನ್ನು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಸಿ, ಓಣಿಯವರನ್ನೆಲ್ಲ ಕರೆದು ತೋರಿಸಿದರು. ನಗು ಅವರ ಮುಖಕ್ಕೆ ಅಪರೂಪ, ಅವತ್ತು ಮಾತ್ರ ಮೀಸೆಯ ಕೆಳಗೆ ಹಲ್ಲು ಕಂಡಿತ್ತು. ನನ್ನ ಅತ್ತೆ ಲಕ್ಷ್ಮಿಬಾಯಿ, ಮರಿಗಳ ಮೊದಲ ಉಣ್ಣೆಯಲ್ಲಿ ನೇಯಿಸಿದ ತಮ್ಮ ಕಂಬಳಿಯನ್ನೇ ಹರಿದು ಅಗಲವಾದ ಪಟ್ಟಿ ಮಾಡಿಕೊಟ್ಟರು. ಚಳಿ ಹೆಚ್ಚಾದಾಗ ಕಾಲಿಗೆ ಸುತ್ತಿಕೊಂಡು ಬೂಟು ಹಾಕಿಕೋ, ಹೆಚ್ಚು ಸುತ್ತಿದಷ್ಟೂ ಬೆಚ್ಚಗೆ ಎಂದರು. ಉಣ್ಣೆಯನ್ನು ನಂಬಿ ಬದುಕಿದ ಜನ ನಾವು, ಅದು ತಪ್ಪೆಂದು ಯಾರಿಗೆ ತೋಚಬೇಕು?

ಮಾರನೆಯ ವರ್ಷ ಯಂಕಪ್ಪ ಕೋಲೂರಿಕೊಂಡು ಬಂದ. ಎಡಗಾಲಿನಲ್ಲಿ ಹೆಬ್ಬೆರಳೂ ಪಕ್ಕದ ಎರಡೂ ಇರಲಿಲ್ಲ. ಬಂಡೆ ಉರುಳಿ ಜಜ್ಜಿತು ಎಂದ. ಮನೆಯವರು ಅತ್ತರು, ನಂಬಿದರು. ಗಣಿಯ ಕಲ್ಲಿಗೆ ಬೆರಳು ಕೊಟ್ಟವರು ನಮ್ಮ ಕಡೆ ಊರೂರಿಗೂ ಸಿಗುತ್ತಾರೆ, ನಂಬದಿರಲು ಕಾರಣವಿರಲಿಲ್ಲ. ಅತ್ತೆ ಗಾಯ ನೋಡುತ್ತೇನೆಂದು ಎಷ್ಟು ಸಲ ಹತ್ತಿರ ಬಂದರೂ ಯಂಕಪ್ಪ ಕಾಲು ಮುಟ್ಟಗೊಡುತ್ತಿರಲಿಲ್ಲ. ಕುರಿಗಳ ಕಾಲುಬೇನೆಗೆ ಮದ್ದು ಮಾಡಿ ಮಾಡಿ ಪಳಗಿದ ಕಣ್ಣು ಅವರದು. ಜಜ್ಜಿದ್ದು ಯಾವುದು, ಕೊಯ್ದದ್ದು ಯಾವುದು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು.

ನನಗೆ ಮಾತ್ರ ಒಂದು ಮಧ್ಯಾಹ್ನ, ಕಾಲಿಗೆ ಬಿಸಿನೀರು ಹಾಕುವಾಗ ಹೇಳಿದ.

ಮೊದಲ ಬರಫು ಬಿದ್ದ ದಿನ ಅವ್ವ ಕೊಟ್ಟ ಪಟ್ಟಿಗಳನ್ನು ಬಿಗಿಯಾಗಿ ಸುತ್ತಿಕೊಂಡು ಆ ಬೂಟಿನೊಳಗೆ ಕಾಲು ತುರುಕಿದನಂತೆ. ಒಳಗೆ ಬೆರಳು ಅಲುಗಿಸಲೂ ಜಾಗವಿರಲಿಲ್ಲ. ಸ್ವಲ್ಪ ಹೊತ್ತು ನೋಯಿತು, ಆಮೇಲೆ ನೋವೂ ಇಲ್ಲ, ಚಳಿಯೂ ಇಲ್ಲ. ಉಣ್ಣೆ ತನ್ನ ಕೆಲಸ ಮಾಡುತ್ತಿದೆ ಎಂದುಕೊಂಡು ಸಂಜೆಯ ತನಕ ಸಲಿಕೆ ಹಿಡಿದು ರಸ್ತೆಯ ಬರಫು ಎತ್ತಿದ. ಬೂಟು ಬಿಚ್ಚಿದಾಗ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಎಷ್ಟು ಒತ್ತಿದರೂ ಅವು ತನ್ನವು ಅನ್ನಿಸಲಿಲ್ಲ. ಬೂಟು ಅಷ್ಟು ಬಿಗಿ ಇರದಿದ್ದರೆ ರಕ್ತ ಇಳಿಯುತ್ತಿತ್ತು, ಬೆರಳು ಉಳಿಯುತ್ತಿದ್ದವು ಎಂದು ಅವನ್ನು ಕೊಯ್ದು ತೆಗೆದ ಅಲ್ಲಿನ ಡಾಕ್ಟರು ಹೇಳಿದರಂತೆ.

ಗಾಯ ಮಾಯುವ ತನಕ ಅವನು ಕೆಳಗಿನ ಪೇಟೆಯಲ್ಲೇ ಇದ್ದ. ಅಲ್ಲೊಂದು ಅಂಗಡಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂರುವುದು ಅವನ ಕೆಲಸವಾಗಿತ್ತು. ಕಾಲಿಗೆ ಉದ್ದುದ್ದ ಹಲಗೆ ಕಟ್ಟಿಕೊಂಡು ಬರಫಿನ ಮೇಲಿಂದ ಜಾರುವುದಕ್ಕೆಂದೇ ದೂರದೂರದಿಂದ ಬರುವ ಜನರಿಗೆ ಸಾಮಾನು ಮಾರುವ ಅಂಗಡಿ ಅದು. ಹಲಗೆ, ಕೋಲು, ಕೈಗವಸು, ಬೂಟು, ಎಲ್ಲ ಅಲ್ಲಿ ಸಿಗುತ್ತಿದ್ದವು.

"ಅವ್ರು ಬೂಟು ತಗೋಳೋದು ನೋಡಬೇಕಿತ್ತು ನೀ," ಎಂದು ನಕ್ಕ. "ಹೆಣ್ಣು ನೋಡಾಕ ಬಂದವ್ರೂ ಅಷ್ಟು ಹೊತ್ತು ನೋಡಂಗಿಲ್ಲ. ದಪ್ಪನ ಉಣ್ಣಿ ಚೀಲ ಕಾಲಿಗಿ ಹಾಕ್ಕೊಂಡೇ ಬರ್ತಾರ. ಅದರ ಮ್ಯಾಲ ಬೂಟು ಹಾಕಿ, ಆ ಕಡಿ ಈ ಕಡಿ ಅಡ್ಡಾಡಿ, ಒಳಗ ಬೆರಳು ಆಡಿಸಿ ನೋಡಿ, ಇದು ಬ್ಯಾಡ ಅಂತ ಬಿಚ್ಚಿ ಇನ್ನೊಂದು ಕೇಳ್ತಾರ. ಅಂಗಡ್ಯಾಂವ ಬ್ಯಾಸರಾನೇ ಮಾಡಂಗಿಲ್ಲ."

ನಗುತ್ತಿದ್ದವನು ಹಾಗೇ ಅಳತೊಡಗಿದ. ಆಟಕ್ಕೆ ಬಂದವರು ಅಷ್ಟು ಎಚ್ಚರ ಮಾಡುತ್ತಾರೆ, ಹೊಟ್ಟೆಪಾಡಿಗೆ ಹೋದ ತಾನು ಒಮ್ಮೆಯೂ ಬಿಗಿ ಅನ್ನಲಿಲ್ಲವಲ್ಲ ಎಂದು. ಆಮೇಲೆ ನನ್ನ ಕೈ ಹಿಡಿದು ಬೀರದೇವರ ಆಣೆ ಹಾಕಿಸಿದ. ಅಪ್ಪನಿಗೂ ಅವ್ವನಿಗೂ ಇದು ತಿಳಿಯಕೂಡದು, ತಿಳಿದರೆ ಅವರು ಉಳಿಯುವುದಿಲ್ಲ ಎಂದ. ನನಗೂ ಆಗ ಅದೇ ಸರಿ ಅನ್ನಿಸಿತ್ತು. ಹೋದ ಬೆರಳು ತಿರುಗಿ ಬರುವುದಿಲ್ಲ, ಮುದುಕರ ಎದೆಗೆ ಯಾಕೆ ಭಾರ ಎಂದುಕೊಂಡಿದ್ದೆ.

ಆದರೆ ಈಗ ಬೀರಪ್ಪ ಹೊರಟಿದ್ದ, ಮಾವ ಅದೇ ಅಂಗಡಿಯ ಹೆಸರು ಎತ್ತಿದ್ದರು.

ಮಾರನೆಯ ದಿನ ನೀರಿಗೆ ಹೋಗುವ ದಾರಿಯಲ್ಲಿ ಗಂಡನನ್ನು ನಿಲ್ಲಿಸಿಕೊಂಡೆ. "ನೀವು ಹೇಳ್ತೀರೋ, ನಾ ಹೇಳ್ಲೋ?" ಎಂದೆ.

"ಆಣಿ ಹಾಕಿದ್ದಿ ನೀ."

"ದೇವ್ರು ಬೇಕಾದ್ರ ನನ್ನ ಕಣ್ಣು ತಗೀಲಿ. ಬೀರಪ್ಪನ ಕಾಲು ಹೋಗೋದು ನಾ ನೋಡಂಗಿಲ್ಲ. ನಿಮ್ಮ ಮರ್ಯಾದಿ ಅವನ ಬೆರಳಿಗಿಂತ ದೊಡ್ಡದಾತೇನ್ರೀ?"

"ಮರ್ಯಾದಿ ಅಲ್ಲ ಶರಣಿ," ಎಂದ. "ಅಪ್ಪ ಅವತ್ತು ನಕ್ಕಿದ್ದ."

ಅದು ನನಗೂ ಗೊತ್ತಿತ್ತು. ಆದರೂ ಸುಮ್ಮನಾಗಲಿಲ್ಲ, ಸುಮ್ಮನಾಗುವುದು ನನ್ನ ಜಾಯಮಾನವೇ ಅಲ್ಲ. ಸಂಜೆಗೆ ಅವನು ಹೇಗೋ ಧೈರ್ಯ ಮಾಡಿ ಮಾವನ ಹತ್ತಿರ ಮಾತು ತೆಗೆದ, ಸುತ್ತಿ ಬಳಸಿ. ಬೂಟು ಇಲ್ಲೇ ಯಾಕೆ, ಬೀರಪ್ಪ ಅಲ್ಲಿಗೆ ಹೋದ ಮೇಲೆ ತಗೊಳ್ಳಲಿ ಎಂದ.

ಮಾವ ಮುಖ ಎತ್ತಿದರು. "ಯಾಕ? ನಾ ತಂದದ್ದು ಖರಾಬಿತ್ತೇನು?"

"ಇಲ್ಲ ಯಪ್ಪಾ, ಚೊಲೊ ಇತ್ತು."

"ಮತ್ತ? ಅಪ್ಪ ಇದ್ದೂ ಮಗ ಪರದೇಶದಾಗ ಹೋಗಿ ತನ್ನ ಕಾಲಿಂದು ತಾ ಕೊಳ್ಳಬೇಕೇನು? ಒಂದು ಕಣ್ಣಿಗಿ ಬೆಣ್ಣಿ, ಒಂದು ಕಣ್ಣಿಗಿ ಸುಣ್ಣ ಮಾಡ್ದ ಅನ್ನಂಗಿಲ್ಲೇನು ಮಂದಿ?"

ಯಂಕಪ್ಪ ತಲೆ ಕೆಳಗೆ ಹಾಕಿದ. ಒಳಗೆ ನಾನು ಕೊಡ ಇಟ್ಟ ಸದ್ದಿಗೆ ಮನೆಯೇ ಅದುರಿತು. ಗಂಡ ನನ್ನ ಕಡೆ ತಿರುಗಲಿಲ್ಲ.

ಸಂತೆಯ ದಿನ ಬಂತು. ಪಾಂಡಪ್ಪನ ಗುಂಪು ಆ ವಾರದಲ್ಲೇ ತಾಂಡೂರಿನಲ್ಲಿ ರೈಲು ಹತ್ತುವುದಿತ್ತು. ಬೆಳಗ್ಗೆ ಮಾವ ರುಮಾಲು ಸುತ್ತಿಕೊಂಡು ಅಂಗಳಕ್ಕೆ ಬಂದರು. ಅತ್ತೆ ಕಟ್ಟೆಯ ಮೇಲೆ ಕೂತು ಇನ್ನೊಂದು ಕಂಬಳಿ ಹರಿಯುತ್ತಿದ್ದರು. ಮಾವ ಕಸಬರಿಗೆಯಿಂದ ಕಡ್ಡಿ ಎಳೆದು ಬೀರಪ್ಪನನ್ನು ಕರೆದರು. ಅವನು ಕುಣಿಯುತ್ತ ಬಂದು ಕಾಲು ಊರಿ ನಿಂತ. ನಾನು ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಯಂಕಪ್ಪ ಕೊಟ್ಟಿಗೆಯಿಂದ ಬಂದ. ಕುಂಟುತ್ತ ಬಂದು ಅಪ್ಪನ ಎದುರಿಗೆ ನೆಲದ ಮೇಲೇ ಕೂತು ಕಾಲಿನ ಬಟ್ಟೆ ಬಿಚ್ಚತೊಡಗಿದ.

"ಯಪ್ಪಾ, ಆ ಕಡ್ಡಿ ಕೆಳಗ ಇಡು," ಎಂದ. "ಈ ಕಾಲಿನ ಮ್ಯಾಲ ಕಲ್ಲು ಬಿದ್ದಿಲ್ಲ."

ಅವ್ವನ ಪಟ್ಟಿಯೊಂದನ್ನು ಬಿಟ್ಟು ಎಲ್ಲ ಹೇಳಿದ. ತಲೆ ಎತ್ತದೆ, ತಡವರಿಸದೆ, ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದ. ಬೀರಪ್ಪನ ಮುಖದ ಬಣ್ಣ ಇಳಿಯಿತು. ಮಾವ ಬಗ್ಗಿದವರು ಹಾಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

"ಬಿಗಿ ಇತ್ತೇನು?" ಎಂದರು.

"ಬಿಗಿ ಇತ್ತು."

"ಇದೇ ಅಂಗಳದಾಗ ಹಾಕ್ಕೊಂಡಾಗೇ ಗೊತ್ತಾಗಿತ್ತೇನು?"

"ಗೊತ್ತಾಗಿತ್ತು. ಬ್ಯಾಸಗಿಯಾಗ ಅಡ್ಡಾಡಿದ್ರ ಸಡಲಾಗ್ತದ ಅಂದ್ಕೊಂಡೆ."

"ಚೊಲೊ ಕೂತದ ಅಂದಿದ್ದಿ ನೀ."

"ನೀ ಖುಷಿಯಾಗಿದ್ದಿ ಯಪ್ಪಾ."

ಮಾವ ಕೈಯಲ್ಲಿದ್ದ ಕಡ್ಡಿಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟರು. ಅವರನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ. ಅಷ್ಟು ದಿನ ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಅತ್ತೆಯ ಕೈ ಕಂಬಳಿಯ ಮೇಲೆ ನಿಂತುಹೋಗಿತ್ತು. "ಯಂಕಾ," ಎಂದರು. "ಅವತ್ತು ಒಳಗ ನನ್ನ ಪಟ್ಟಿ ಸುತ್ತಿದ್ದೇನು?"

ಯಂಕಪ್ಪ ಬಾಯಿ ತೆರೆಯುವುದರೊಳಗೆ ಮಾವನೇ ಅಡ್ಡ ಬಂದರು. "ಪಟ್ಟೀದೇನೂ ಇಲ್ಲ. ಬೂಟು ಸಣ್ಣದಿತ್ತು. ನಾ ತಂದ ಬೂಟು. ತಪ್ಪು ನಂದು." ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

"ನೀವು ಸುಮ್ಮನಿರ್ರಿ," ಎಂದರು ಅತ್ತೆ. "ನಾ ನನ್ನ ಮಗನ್ನ ಕೇಳಾಕತ್ತೀನಿ."

"ಸುತ್ತಿದ್ದೆ ಯವ್ವಾ," ಎಂದ ಯಂಕಪ್ಪ. "ಇದ್ದಷ್ಟೂ ಸುತ್ತಿದ್ದೆ."

ಅತ್ತೆ ಎದ್ದು ಬಂದರು. ಮಗನ ಮುಂದೆ ಕೂತು ಆ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೆರಳು ಹೋದ ಜಾಗವನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದರು. ಅವನು ಎಳೆದುಕೊಳ್ಳಲಿಲ್ಲ. ಅವರು ಅಳಲೂ ಇಲ್ಲ. ಆಮೇಲೆ ಕೇಳಿದರು:

"ಮತ್ತ ಎಲ್ಲಿ ತಗೋಬೇಕು? ಯಾವಾಗ ತಗೋಬೇಕು? ನೀ ಹೇಳು. ಇವ್ರಿಗಿ ಕೇಳೋದು ಬ್ಯಾಡ, ನನಗ ಕೇಳೋದು ಬ್ಯಾಡ. ನಿನಗ ಗೊತ್ತದ."

"ಅಲ್ಲೇ ತಗೋಬೇಕು," ಎಂದ ಯಂಕಪ್ಪ. "ನಾ ಹೇಳಿದ್ನಲ್ಲ, ಜಾರಾವ್ರ ಅಂಗಡಿ. ಬೀರಪ್ಪ ಹೋಗಿ ಮುಟ್ಟೋ ಹೊತ್ತಿಗೆ ಬರಫು ಕರಗತಿರ್ತದ, ಅವ್ರೆಲ್ಲ ತಮ್ಮ ಊರಿಗಿ ಹೊಂಟಿರ್ತಾರ. ಜಾರಾಕ ಹಾಕೋ ಬೂಟು ಬ್ಯಾರೆ, ಅದು ನಮಗ ಬ್ಯಾಡ. ಅಡ್ಡಾಡಾಕ ಹಾಕ್ಕೊಂಡದ್ದು ಬಿಟ್ಟು ಹೋಗ್ತಾರಲ್ಲ, ಅದು ಸೋವಿಗೆ ಸಿಗ್ತದ. ಹೋದ ಕೂಡ್ಲೆ ತಗೋಬೇಕು. ದೀಪಾವಳಿ ಆಗ್ಲಿ ಅಂತ ಕುಂತ್ರ ಸಿಕ್ಕಿದ್ದೇ ಹಾಕ್ಕೋಬೇಕಾಗ್ತದ."

ಅತ್ತೆ ಹರಿದಿಟ್ಟಿದ್ದ ಪಟ್ಟಿಗಳನ್ನು ನೋಡಿದರು. ಅವನ್ನು ಒಲೆಗೆ ಹಾಕಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಅವರು ಮಾತ್ರ ಅವನ್ನು ಅಚ್ಚುಕಟ್ಟಾಗಿ ಸುತ್ತಿ ಬೀರಪ್ಪನ ಕೈಗೆ ಕೊಟ್ಟರು.

"ಇವನ್ನ ಮೊದಲ ಸುತ್ತಿಗೋ," ಎಂದರು. "ಸುತ್ತಿದ ಕಾಲಿಗಿ ಬೂಟು ನೋಡು. ಒಳಗ ಬೆರಳು ಆಡಬೇಕು. ಆಡಲಿಲ್ಲಂದ್ರ ತಗೋಬ್ಯಾಡ."

ಬೀರಪ್ಪ ತಲೆಯಾಡಿಸಿದ. ಮಾವ ನೆಲಕ್ಕೆ ಕೈ ಊರಿ ಎದ್ದರು. ಚಿಕ್ಕ ಮಗನ ಭುಜ ಹಿಡಿದುಕೊಂಡರು, ಕಣ್ಣು ಮಾತ್ರ ದೊಡ್ಡ ಮಗನ ಮೇಲಿತ್ತು.

"ಬಿಗಿ ಇದ್ರ ಬಿಗಿ ಅದ ಅಂತ ಹೇಳು," ಎಂದರು. "ಎದುರಿಗಿ ನಾನೇ ನಿಂತು ನಗತಿದ್ರೂ ಹೇಳು."