ಕೊಕ್ಕೆಯ ಒಳ್ಳೆಯ ತುಂಡು

ನಾನು ಒಂದು ಉಕ್ಕಿನ ತುಂಡು. ಹೆಬ್ಬೆರಳ ತುದಿಯಷ್ಟಿದ್ದೇನೆ. ಹುಟ್ಟಿದಾಗ ಹೀಗಿರಲಿಲ್ಲ. ಕೆಂಪಗೆ ಕಾದು, ಸುತ್ತಿಗೆಯ ಏಟು ತಿಂದು ಬಾಗಿ, ಕ್ರೇನಿನ ದೊಡ್ಡ ಕೊಕ್ಕೆಯಾಗಿದ್ದೆ. ಬೆಳಗಾವಿ ಕಡೆಯ ಒಂದು ಎರಕದ ಕಾರ್ಖಾನೆಯಲ್ಲಿ ಎಲ್ಲರ ನೆತ್ತಿ ನೋಡುತ್ತಾ ನೇತಾಡುತ್ತಿದ್ದೆ.

ಕ್ರೇನು ನಡೆಸುವವನು ಅಡಿವೆಪ್ಪ. ಕೆಳಗೆ ನಿಂತು ಸರಪಳಿ ಬಿಗಿಯುವವನು ಮಾಬೂಸಾಬ. ಇಬ್ಬರೂ ಒಂದೇ ಬುತ್ತಿಯ ರೊಟ್ಟಿ ಮುರಿಯುತ್ತಿದ್ದರು.

"ಹಗೂರ್ಕ ಎತ್ತಪಾ, ಇಲ್ಲಿ ನನ್ನ ತಲಿ ಐತಿ" ಎಂದು ಮಾಬೂಸಾಬ ದಿನಾ ಚೇಷ್ಟೆ ಮಾಡುತ್ತಿದ್ದ. ಅಡಿವೆಪ್ಪ ತೊಟ್ಟಿಲಿನಿಂದ ಕೂಸನ್ನು ಎತ್ತುವ ಹಾಗೆ ಎತ್ತುತ್ತಿದ್ದ.

ಒಮ್ಮೆ ತಪಾಸಣೆಯವರು ಬರುವವರಿದ್ದರು. ಸರಪಳಿ ಜಾರದಂತೆ ನನ್ನ ಬಾಯಿಗಿದ್ದ ಪಟ್ಟಿ ಎಂದೋ ಬಿದ್ದುಹೋಗಿತ್ತು. ಸೂಪರ್‌ವೈಸರ್ ಅವಸರದಲ್ಲಿ ಬೇರೊಂದು ಪಟ್ಟಿಯನ್ನು ನನ್ನ ಬಾಗಿಗೇ ವೆಲ್ಡಿಂಗ್ ಮಾಡಿಸಿಬಿಟ್ಟ. ಕೊಕ್ಕೆಗೆ ಬೆಸುಗೆ ಹಾಕಬಾರದು. ಅಷ್ಟು ದಪ್ಪದ ತಣ್ಣನೆಯ ಉಕ್ಕಿನಲ್ಲಿ ಬೆಸುಗೆಯ ಜಾಗ ತಟ್ಟನೆ ಆರಿ, ಗಾಜಿನಂತೆ ಪೆಡಸಾಗುತ್ತದೆ. ತಪಾಸಣೆಯವರು ಪಟ್ಟಿ ನೋಡಿ ತೃಪ್ತರಾಗಿ ಹೋದರು. ನಾನು ಒಳಗೊಳಗೇ ಬಿರಿಯತೊಡಗಿದೆ.

ಒಂದು ಮಧ್ಯಾಹ್ನ ಮುರಿದೆ. ಕೆಳಗೆ ಮಾಬೂಸಾಬ ಇದ್ದ. ಅವನು ಉಳಿಯಲಿಲ್ಲ.

ಅಡಿವೆಪ್ಪ ಜಗ್ಗಿ ಎತ್ತಿದ್ದರಿಂದಲೇ ಮುರಿಯಿತು ಎಂದಿತು ಆಫೀಸು.

"ಇಲ್ರೀ ಸಾಹೇಬ್ರ, ನಾ ಹಗೂರ್ಕನ ಎತ್ತೀನ್ರಿ! ಬೇಕಾದ್ರ ಆ ಕೊಕ್ಕಿ ತಪಾಸ ಮಾಡ್ಸ್ರಿ" ಎಂದು ಅವನು ಎದೆ ಬಡಿದುಕೊಂಡ.

ನನ್ನನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಎಷ್ಟು ಆಸೆಪಟ್ಟೆ! ನಾಲಗೆಯಿಲ್ಲದ ನನಗೆ ಸೂಕ್ಷ್ಮದರ್ಶಕವಾದರೂ ಮಾತು ಕೊಡುತ್ತದೆ ಎಂದುಕೊಂಡೆ.

ಅಲ್ಲಿನ ರೂಢಿಯೇ ಕೊರಳು ಕೊಯ್ದಿತು. ಹೊಸ ಸರಳುಗಳ ತುದಿಯಿಂದ ಮಾದರಿ ಕತ್ತರಿಸಿ ಪಳಗಿದ ಕೈಗಳು, ಕೊಕ್ಕೆಯನ್ನೂ ಮೇಲಿನ ನೆಟ್ಟನೆಯ ತುದಿಯಲ್ಲೇ ಕತ್ತರಿಸಿದವು. ಹಾಗೆ ಉಳಿದವನು ನಾನು. ಮುರಿದ ಬಾಗು ಬೆಸುಗೆಯ ಸಮೇತ ಗುಜರಿಯೊಡನೆ ಕುಲುಮೆಗೆ ಹೋಗಿ ಕರಗಿತು. ನಾನಲ್ಲ, ಅದನ್ನು ನೋಡಿ ಎಂದು ಎಷ್ಟು ಚೀರಿದರೇನು, ಉಕ್ಕಿನ ಚೀರಾಟ ಯಾರಿಗೆ ಕೇಳುತ್ತದೆ?

ನನ್ನನ್ನು ಎಮರಿ ಕಾಗದದಲ್ಲಿ ಉಜ್ಜಿ ಕನ್ನಡಿ ಮಾಡಿದರು. ಉಕ್ಕಿನ ಕಣಗಳು ಎದ್ದು ಕಾಣಲೆಂದು ಆಮ್ಲ ಸವರಿದರು. ಪರೀಕ್ಷೆ ಮಾಡುವ ಕುಮುದಾ ಮೇಡಂ ಬಹಳ ಹೊತ್ತು ನೋಡಿದರು.

"ಕಣ ಎಲ್ಲಾ ಛಲೋ ಅದಾವ. ಉಕ್ಕಿನ್ಯಾಗ ಏನೂ ದೋಷ ಇಲ್ಲ."

ಅವರು ಸುಳ್ಳು ಹೇಳಲಿಲ್ಲ. ಅದೇ ನನ್ನ ಸಂಕಟ.

ಬಾಗಿಲಲ್ಲಿ ಕಾದಿದ್ದ ಅಡಿವೆಪ್ಪ ಒಳಗೆ ಬಂದ. "ನಾನೂ ಒಮ್ಮಿ ನೋಡ್ಲೇನ್ರಿ, ಅಕ್ಕಾರ?"

ಅವರು ಎದ್ದು ಜಾಗ ಬಿಟ್ಟರು. ಅವನ ಕಣ್ಣು ನನ್ನ ಮೇಲೆ ಬಾಗಿತು. ಜೋಳದಲ್ಲಿ ಕರಿಎಳ್ಳು ಬೆರೆಸಿದ ಹಾಗೆ ನನ್ನ ಬಿಳಿ ಕಣಗಳೂ ಕಪ್ಪು ಕಣಗಳೂ ಹರಡಿಕೊಂಡಿದ್ದವು. ಒಂದು ಬಿರುಕಿಲ್ಲ, ಒಂದು ಕಲೆಯಿಲ್ಲ.

"ಇಷ್ಟ ಛಂದ ಐತಲ್ರಿ..." ಎಂದ. ಆಮೇಲೆ ಮೆಲ್ಲಗೆ, "ಹಂಗಾದ್ರ ನಮ್ಮ ಮಾಬೂನ ಕೊಂದಾಂವ ನಾನ."

ಅಲ್ಲಿಯವರೆಗೆ ಅವನಿಗೆ ತನ್ನ ಕೈಯ ಮೇಲೆ ನಂಬಿಕೆಯಿತ್ತು. ಅದನ್ನು ಕಿತ್ತುಕೊಂಡದ್ದು ನನ್ನ ಚೆಂದ.

ಈಗ ಗಾಜಿನ ಡಬ್ಬಿಯಲ್ಲಿದ್ದೇನೆ. ಕಾಲೇಜು ಮಕ್ಕಳು ಬಂದಾಗ, ಒಳ್ಳೆಯ ಉಕ್ಕು ಹೀಗಿರುತ್ತದೆ ಎಂದು ನನ್ನನ್ನು ತೋರಿಸುತ್ತಾರೆ. ಈ ಮುಖಕ್ಕೆ ತುಕ್ಕಾದರೂ ಹಿಡಿಯಲಿ ಎಂದು ಬೇಡಿಕೊಳ್ಳುತ್ತೇನೆ. ಅದಕ್ಕೂ ದಾರಿಯಿಲ್ಲ. ತೇವ ಹೀರುವ ಹರಳುಗಳನ್ನು ಸುತ್ತಲೂ ಸುರಿದು ಡಬ್ಬಿ ಮುಚ್ಚಿದ್ದಾರೆ.